ದೊಡ್ಡ ಡಾಕ್ಟರಿಗೆ ತಂದ ಮಡಿಲಕ್ಕಿ

ನರ್ಸ್ ಆದವಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಬೇಕು ಎಂದು ನನಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಹಾಗೆ ಮಾತಾಡುತ್ತಾ ಕೂತಿದ್ದರೆ ತಮಿಳುನಾಡಿನ ಗಡಿಯ ಹೊಸೂರಿನ ಆ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನನ್ನ ಕೆಲಸ ಒಂದು ದಿನವೂ ಸಾಗುತ್ತಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ರಾಯಕೋಟೆ ಬಸ್ಸಿನಲ್ಲಿ ಬಂದವರು, ತಳಿ ಕಡೆಯಿಂದ ಜೀಪಿನಲ್ಲಿ ಬಂದವರು, ಅಂಚೆಟ್ಟಿ ಕಾಡಿನ ಹಳ್ಳಿಗಳಿಂದ ಹಿಂದಿನ ದಿನವೇ ನಡೆದು ಹೊರಟವರು, ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು. ಒಬ್ಬರು ಕನ್ನಡದಲ್ಲಿ ಬೈದರೆ ಇನ್ನೊಬ್ಬರು ತೆಲುಗಿನಲ್ಲಿ, ಮತ್ತೊಬ್ಬರು ತಮಿಳಿನಲ್ಲಿ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಮದ್ದೂರು ಕಡೆಯಿಂದ ಬಂದಾಗ ನನಗೆ ತಮಿಳಿನಲ್ಲಿ ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಆದರೆ ಜಗಳ ಕಲಿಸುವಷ್ಟು ಬೇಗ ಭಾಷೆಯನ್ನು ಯಾವ ಮೇಷ್ಟರೂ ಕಲಿಸಲಾರರು. ಸ್ವಲ್ಪ ದಿನದಲ್ಲೇ ಮೂರು ಭಾಷೆಯಲ್ಲೂ ಜವಾಬು ಕೊಡುವವಳಾದೆ.

ನಮ್ಮ ವಿಭಾಗಕ್ಕೂ ದೊಡ್ಡವರ ವಿಭಾಗಕ್ಕೂ ನಡುವೆ ಇದ್ದದ್ದು ಒಂದು ಅಂಗಳ, ಅದರಲ್ಲೊಂದು ಹೊಂಗೆ ಮರ. ನಮ್ಮ ಕಡೆ ಗೋಡೆಗೆ ಗಿಳಿ, ಮೊಲ ಬರೆಸಿದ್ದರು. ಆ ಕಡೆ ಬರೀ ಸುಣ್ಣ. ಚಿಕ್ಕಂದಿನಲ್ಲೇ ಬಿಡದ ಕಾಯಿಲೆ ಅಂಟಿಕೊಂಡ ಮಕ್ಕಳು ನಮ್ಮ ಕಣ್ಣೆದುರಿಗೇ ಬೆಳೆಯುತ್ತಿದ್ದರು. ಮೀಸೆ ಚಿಗುರಿದ ಮೇಲೂ ಆ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಕೊನೆಗೊಂದು ದಿನ ನಮ್ಮ ಡಾಕ್ಟರಮ್ಮ, "ನೀನು ದೊಡ್ಡವನಾದೆ ಕಣಪ್ಪ, ಇನ್ಮೇಲೆ ಆ ಕಡೆ ತೋರಿಸ್ಕೋ" ಎಂದು ಚೀಟಿ ಬರೆದು ಕೊಡುತ್ತಿದ್ದರು. ಅಲ್ಲಿಗೆ ನಮ್ಮ ಪಾಲಿನ ಕೆಲಸ ಮುಗಿಯುತ್ತಿತ್ತು. ಆದರೆ ಎಷ್ಟೋ ಮಕ್ಕಳು ಅಂಗಳ ದಾಟುತ್ತಲೇ ಇರಲಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದರು. ರಾಯಕೋಟೆಯ ಒಬ್ಬ ಹುಡುಗ ಹಾಗೇ ಹೋಗಿ ಮೂರ್ಛೆಯ ಮಾತ್ರೆ ನಿಲ್ಲಿಸಿ, ಸೈಕಲ್ ಮೇಲಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡು ಬಂದ. ಅವನಿಗೆ ಚೆನ್ನಾಗಿ ಬೈದೆ. ಆಮೇಲೆ ಟೀ ಕುಡಿಸಿದೆ.

ಇವರೆಲ್ಲರಲ್ಲಿ ನಾನು ಬಹಳ ಹಚ್ಚಿಕೊಂಡಿದ್ದವಳು ತಳಿಯಿಂದ ಮೇಲಿನ ಒಂದು ಹಳ್ಳಿಯ ಹುಡುಗಿ. ಎರಡನೇ ಕ್ಲಾಸಿನಲ್ಲಿದ್ದಾಗ ಬಂದದ್ದು. ಒಂದೇ ಸಮನೆ ನೀರು ಕುಡಿಯುತ್ತಾಳೆ, ಒಣಗಿಹೋಗಿದ್ದಾಳೆ, ಯಾರದೋ ಕಣ್ಣು ತಾಗಿದೆ ಎಂದು ಎತ್ತಿಕೊಂಡು ಬಂದಿದ್ದರು. ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಬಗೆಯದು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿರುತ್ತದೆ. ದಿನಾ ಎರಡು ಹೊತ್ತು ಚುಚ್ಚಿಕೊಂಡರೆ ಎಲ್ಲರ ಹಾಗೆ ಬದುಕಬಹುದು, ಬಿಟ್ಟರೆ ವಾರವೂ ಬದುಕುವುದು ಕಷ್ಟ. ಅಪ್ಪ ಅಮ್ಮ ಮಸುಕಿನಲ್ಲೇ ಹೂ ಬಿಡಿಸಲು ತೋಟಕ್ಕೆ ಹೋಗುವವರು. ಅಮ್ಮನಿಗಂತೂ ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ಹುಡುಗಿಯ ಅಜ್ಜಿ, ಅಮ್ಮನ ತಾಯಿ, ಸೂಜಿ ಕೈಗೆ ತೆಗೆದುಕೊಂಡಳು.

ಆ ಅಜ್ಜಿಯ ಬಾಯಿ ನನ್ನ ಬಾಯಿಗಿಂತ ಒಂದು ಗೇಣು ದೊಡ್ಡದು. ಓದು ಬರಹ ಇಲ್ಲದಿದ್ದರೂ ಸಿರಿಂಜಿನ ಗೆರೆ ಗುರುತು ಹಿಡಿದು ಔಷಧಿ ಎಳೆಯುವುದನ್ನು ಕಲಿತಳು. ಮನೆಯಲ್ಲಿ ಫ್ರಿಜ್ ಇಲ್ಲವೆಂದು ಮಡಕೆಗೆ ಮರಳು ತುಂಬಿ, ನೀರು ಹಾಕಿ, ಅದರೊಳಗೆ ಔಷಧಿಯ ಸೀಸೆ ಇಡುವುದನ್ನು ನಾನೇ ಹೇಳಿಕೊಟ್ಟಿದ್ದೆ. ಆ ಮಡಕೆಯನ್ನು ಮನೆದೇವರಿಗಿಂತ ಹೆಚ್ಚು ಮಡಿಯಲ್ಲಿ ನೋಡಿಕೊಂಡಳು. ಎಲ್ಲ ಸರಿ. ಆದರೆ ಮೊಮ್ಮಗಳಿಗೆ ಮಾತಾಡಲು ಮಾತ್ರ ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಹುಡುಗಿಯನ್ನು "ಹೊಟ್ಟೆ ನೋವಿದೆಯಾ?" ಎಂದು ಕೇಳಿದರೆ ಅಜ್ಜಿ "ಇಲ್ಲ ಕಣವ್ವ" ಅನ್ನುವಳು. "ನಿದ್ದೆ ಬರುತ್ತಾ?" ಎಂದರೆ, "ಕುಂಭಕರ್ಣನ ತಂಗಿ ಇವ್ಳು" ಎನ್ನುವಳು. ಹುಡುಗಿ ಗಿಳಿಯ ಚಿತ್ರ ನೋಡುತ್ತಾ ಕೂರುತ್ತಿದ್ದಳು. ಹದಿನೇಳು ತುಂಬಿದ ಮೇಲೂ ಹೊಟ್ಟೆಗೆ ಸೂಜಿ ಹಾಕುತ್ತಿದ್ದದ್ದು ಅಜ್ಜಿಯೇ.

ಹುಡುಗಿ ಪ್ಲಸ್ ಟೂ, ಅಂದರೆ ನಮ್ಮ ಕಡೆಯ ಪಿಯುಸಿ, ಬರೆದಳು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು, ಹಾಸ್ಟೆಲ್ಲೂ ಇತ್ತು. ಹದಿನೆಂಟು ತುಂಬಿದ ಕೂಡಲೇ ಸೇರಬೇಕೆಂದು ಅವಳ ಆಸೆ. ಅದೇ ಸಮಯಕ್ಕೆ ಡಾಕ್ಟರಮ್ಮ ಚೀಟಿ ಬರೆದರು. ನನಗೆ ರಾಯಕೋಟೆಯ ಹುಡುಗ ನೆನಪಾದ. ಮಾತ್ರೆ ಬಿಟ್ಟವನು ಭುಜ ಮುರಿದುಕೊಂಡು ಬಂದ. ಇವಳು ಬಿಟ್ಟರೆ ಬರುವುದೇ ಇಲ್ಲವಲ್ಲ! ಅದಕ್ಕೇ ಮೊದಲ ದಿನ ನಾನೇ ಜೊತೆಗೆ ಹೋದೆ.

ಆ ಕಡೆ ಬೆಂಚಿನ ತುಂಬಾ ಮುದುಕರು. ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಕೋಲು ಊರಿದವರು. ಕೋಲು ಹಿಡಿದ ಒಬ್ಬ ತಾತ ಹುಡುಗಿಯನ್ನು ನೋಡಿ, "ಅಜ್ಜೀನ ಕರ್ಕೊಂಡ್ ಬಂದಿದ್ದೀಯಾ ಮಗಾ? ಒಳ್ಳೇ ಮಗಳು" ಎಂದ. "ನನ್ಗಲ್ಲ, ಅವ್ಳಿಗೇ" ಎಂದು ಅಜ್ಜಿ ಹೇಳಿದ್ದೇ ತಡ, ಸುತ್ತ ಕೂತವರೆಲ್ಲ ಲೊಚಗುಟ್ಟಿದರು. ಈ ವಯಸ್ಸಿಗೇ? ಸಿಹಿ ಜಾಸ್ತಿ ತಿಂತಿದ್ಲಾ? ಮದ್ವೆ ಹೆಂಗ್ ಮಾಡ್ತೀರಾ? ಹುಡುಗಿ ತಲೆ ತಗ್ಗಿಸಿದವಳು ಎತ್ತಲಿಲ್ಲ.

ಒಳಗೆ ಹೋದರೆ ದೊಡ್ಡ ಡಾಕ್ಟರು ತಮಿಳಿನವರು, ಕೆಳಗಿನ ಜಿಲ್ಲೆಯಿಂದ ಬಂದವರು. ಕನ್ನಡ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಮುಖ ನೋಡಿದರೆ ಯಾರೋ ಬೆಳಗ್ಗೆಯೇ ಹಾಗಲಕಾಯಿ ರಸ ಕುಡಿಸಿ ಕಳಿಸಿದ್ದಾರೆ ಅನ್ನಿಸಬೇಕು. ಎಷ್ಟು ಯೂನಿಟ್ ಹಾಕ್ತೀಯ ಎಂದು ಹುಡುಗಿಯನ್ನು ಕೇಳಿದರು. ಅಜ್ಜಿ ಕನ್ನಡದಲ್ಲಿ ಹೇಳಿದಳು, ನಾನು ತಮಿಳಿನಲ್ಲಿ ಹೇಳಿದೆ. ಊಟ ಏನು ಎಂದರು. ಅಜ್ಜಿ ಮುದ್ದೆ ಎಂದಳು, ನಾನು ಕಳಿ ಎಂದೆ. ಅವರು ಪೆನ್ನು ಕೆಳಗಿಟ್ಟು, "ಇದರಲ್ಲಿ ಪೇಷಂಟ್ ಯಾರು? ಅವಳಿಗೆ ಬಾಯಿ ಇಲ್ಲವೋ?" ಎಂದು ತಮಿಳಿನಲ್ಲಿ ಗದರಿಸಿದರು. ನನಗೆ ಉರಿದುಹೋಯಿತು. ನಾನು ಬಾಯಿ ತೆಗೆಯುವ ಮೊದಲೇ ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾರೇ ಮಗಾ. ಇಂತೋರ ಮುಂದೆ ನಿನ್ನ ಬುಟ್ಬುಟ್ಟು ನಾನೇನ್ ಉಗಾದಿ ಮಾಡ್ಲಾ?"

ಹೊರಗೆ ಬಂದವಳು ಸೀದಾ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ, ನಾವು ಇಲ್ಲಿಗೇ ಬರುತ್ತೀವಿ, ಸಾಯೋತನಕ ಇಲ್ಲಿಗೇ ಬರುತ್ತೀವಿ ಎಂದು ಹಟ ಹಿಡಿದಳು. ಡಾಕ್ಟರಮ್ಮ ಮೆದು ಮಾತಿನವರು, ಆದರೆ ಆವತ್ತು ಬಗ್ಗಲಿಲ್ಲ. "ನಾಳೆ ಅವಳಿಗೆ ಮದುವೆ ಆಗುತ್ತೆ, ಬಸಿರಾಗ್ತಾಳೆ. ಅದನ್ನೆಲ್ಲ ನೋಡೋದು ನನ್ನ ಕೈಯಲ್ಲಿ ಆಗೋದಲ್ಲ ಅಜ್ಜಿ. ಇಲ್ಲೇ ಇಟ್ಟುಕೊಂಡರೆ ನಾನು ಅವಳಿಗೆ ಕೆಟ್ಟದ್ದು ಮಾಡಿದ ಹಾಗೆ" ಎಂದರು. ಅಜ್ಜಿ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಹುಡುಗಿ ಒಂದು ಸಲ ತಿರುಗಿ ನನ್ನ ಕಡೆ ನೋಡಿದಳು.

ಮುಂದಿನ ತಿಂಗಳು ಅವರು ಆ ಕಡೆಗೂ ಬರಲಿಲ್ಲ, ಈ ಕಡೆಗೂ ಬರಲಿಲ್ಲ. ನಾನು ದಿನಾ ಆ ಕಡೆಯ ನರ್ಸನ್ನು ಕೇಳಿ ಕೇಳಿ ಅವಳ ತಲೆ ತಿಂದೆ. ಮನೆಯಲ್ಲಿ ಸಾರಿಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು. "ನೀನು ಹೋಗಿ ನೋಡ್ಕೊಂಡಾದ್ರೂ ಬಾ, ನಮ್ಮ ನಾಲಿಗೆ ಉಳಿಯಲಿ" ಎಂದ ನನ್ನ ಗಂಡ. ಭಾನುವಾರ ತಳಿ ಬಸ್ ಹತ್ತಿ, ಅಲ್ಲಿಂದ ಕೋಸಿನ ಮೂಟೆ ಇಳಿಸಿ ವಾಪಸು ಹೋಗುತ್ತಿದ್ದ ಜೀಪಿನಲ್ಲಿ ಅವರ ಹಳ್ಳಿಗೆ ಹೋದೆ.

ಅಜ್ಜಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಕೆಳಗಿಟ್ಟು, ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ. ಹುಡುಗಿ ಒಳಗಿಂದ ನೀರು ಬೆಲ್ಲ ತಂದಿಟ್ಟಳು. ಕೈ ನೋಡಿದೆ. ಬಳೆ ಮೊಣಕೈತನಕ ಜಾರುತ್ತಿತ್ತು. ಔಷಧಿ ಅಂಗಡಿಯಿಂದ ಹಳೇ ಲೆಕ್ಕದಲ್ಲೇ ಇನ್ಸುಲಿನ್ ತಂದು ಅಜ್ಜಿಯೇ ಹಾಕುತ್ತಿದ್ದಾಳೆ, ರಕ್ತ ಪರೀಕ್ಷೆ ಇಲ್ಲ, ಹೆಚ್ಚು ಕಡಿಮೆ ಮಾಡುವವರಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ನೀನೇನು ಇವಳನ್ನ ಕೊಲ್ಲಬೇಕು ಅಂತಿದ್ದೀಯಾ? ಡಾಕ್ಟ್ರು ಗದರಿದ್ದಕ್ಕೆ ಮೂಗು ಕುಯ್ಕೊಂಡು ಅಪಶಕುನ ಮಾಡ್ತೀಯಾ?"

"ಗದರಿದ್ದಕ್ಕಲ್ಲ ಕಣ್ ನರ್ಸಮ್ಮ" ಎಂದಳು ಅಜ್ಜಿ. ದನಿ ಏರಿತು. "ಒಂದ್ ಹೆಣ್ಣನ್ನ ಗಂಡನ್ ಮನೇಗ್ ಕಳಿಸ್ಬೇಕಾದ್ರೆ ನಾವು ಹೆಂಗ್ ಕಳಿಸ್ತೀವಿ? ಮಡಿಲು ತುಂಬ್ತೀವಿ. ಹತ್ತು ಜನದ ಮುಂದೆ ಕೈ ಹಿಡ್ದು ಒಪ್ಪಿಸ್ತೀವಿ. ತಪ್ಪೋ ಒಪ್ಪೋ ಹೊಟ್ಟೆಗಾಕ್ಕೊಂಡು ನೋಡ್ಕೊಳಿ ಅಂತ ಅತ್ತು ಹೇಳ್ತೀವಿ. ಅವ್ರು ನಮ್ ಮಗ್ಳಂಗೆ ನೋಡ್ಕೊತೀವಿ ಅಂದ್ಮೇಲೇ ಈ ಜೀವ ತಣ್ಣಗಾಗೋದು. ನೀವೇನ್ ಮಾಡಿದ್ರಿ? ಇಷ್ಟ್ ವರ್ಸ ಸಾಕಿದ್ ಕೂಸ್ನ ಒಂದ್ ಚೀಟಿ ಕೊಟ್ಟು ಹೋಗ್ ಅಂದ್ಬುಟ್ರಿ. ಒಪ್ಪಿಸಿದ್ರಾ? ಅವ್ನು ಒಪ್ಕೊಂಡ್ನಾ?"

ಮಾತಿನಲ್ಲಿ ಸೋತಾಗ ನನಗೆ ಬರುವುದು ಸಿಟ್ಟು ಒಂದೇ. "ಆಯ್ತು ಬಾರಜ್ಜಿ, ಒಪ್ಪಿಸೋಣ! ಶುಕ್ರವಾರ ಬಾ. ಅದೇನು ಶಾಸ್ತ್ರ ಇದೆಯೋ ಎಲ್ಲಾ ಮಾಡೋಣ!" ಎಂದು ಕಿರುಚಿದೆ. ಮಾತಿಗೆ ಅಂದದ್ದು. ಅಜ್ಜಿ ಮಾತ್ರ ಅದನ್ನು ನಿಜವೆಂದೇ ಹಿಡಿದು, ಸೆರಗಿನಿಂದ ಮುಖ ಒರೆಸಿಕೊಂಡು, "ಕೂತ್ಕೋ, ಮುದ್ದೆ ಉಣ್ಕೊಂಡ್ ಹೋಗು" ಎಂದಳು. ಅವರೆಕಾಳಿನ ಸಾರು. ಜಗಳದ ಮೇಲೆ ಉಂಡ ಊಟ ಬಲು ರುಚಿಯಾಗಿತ್ತು, ಎರಡು ಮುದ್ದೆ ಉಂಡೆ.

ಶುಕ್ರವಾರ ಅಜ್ಜಿ ಬಂದ ಪರಿ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಸಿರು ಅಂಚಿನ ರೇಷ್ಮೆ ಸೀರೆ, ಹಣೆಗೆ ವಿಭೂತಿ, ತಲೆಯ ಮೇಲೆ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಕುಪ್ಪಸದ ಬಟ್ಟೆ, ಒಂದು ಅಚ್ಚು ಬೆಲ್ಲ. ಹುಡುಗಿ ಹಿಂದೆ ಹಿಂದೆ ನಾಚಿಕೆಯಿಂದ ಕುಗ್ಗಿಹೋಗಿ ಬರುತ್ತಿದ್ದಳು. "ಸಿಸ್ಟರ್, ನೀವಾದ್ರೂ ಬ್ಯಾಡ ಅನ್ನಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಹೇಗೆ ಬೇಡ ಅನ್ನಲಿ? ಶಾಸ್ತ್ರ ಮಾಡೋಣ ಎಂದು ಕಿರುಚಿ ಬಂದವಳೇ ನಾನು. ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟರು. ಆಮೇಲೆ ಎದ್ದು, "ನಡೀರಿ, ಹೆಣ್ಣಿನ ಕಡೆಯವರು ನಾನೂ ಒಬ್ಬಳು" ಎಂದು ಹೊರಟರು.

ಹೀಗೆ ನಮ್ಮ ದಿಬ್ಬಣ ಅಂಗಳ ದಾಟಿತು. ಬೆಂಚಿನ ಮುದುಕರೆಲ್ಲ ಬಾಯಿ ಬಿಟ್ಟು ನೋಡಿದರು, ಇಬ್ಬರು ಎದ್ದು ನಮ್ಮ ಹಿಂದೆಯೇ ಬಾಗಿಲತನಕ ಬಂದರು. ದೊಡ್ಡ ಡಾಕ್ಟರ ಮೇಜಿನ ಮೇಲೆ ಅಜ್ಜಿ ತಟ್ಟೆ ಇಟ್ಟು ಬಟ್ಟೆ ಸರಿಸಿದಳು. ಅವರು ತಟ್ಟೆ ನೋಡಿದರು, ಅಜ್ಜಿಯನ್ನು ನೋಡಿದರು, ಡಾಕ್ಟರಮ್ಮನನ್ನು ನೋಡಿದರು. "ಎನ್ನಮ್ಮಾ ಇದು, ಯಾರಿಗೆ ಕಲ್ಯಾಣ?" ಎಂದರು. ಅಷ್ಟರಲ್ಲಿ ಬೆಲ್ಲ ಕಣ್ಣಿಗೆ ಬಿತ್ತು. ಮುಖ ಕೆಂಪಾಯಿತು. ಸಕ್ಕರೆ ಕಾಯಿಲೆಯವಳಿಗೆ ಬೆಲ್ಲವಾ, ಬುದ್ಧಿ ಇದೆಯಾ ನಿಮಗೆ ಎಂದು ತಮಿಳಿನಲ್ಲಿ ಶುರುಮಾಡಿದರು.

ಅಜ್ಜಿ ಬಾಯಿ ತೆಗೆದಳು. ನಾನೂ ತೆಗೆದೆ. ನಮ್ಮಿಬ್ಬರಿಗಿಂತ ಮೊದಲು ಮಾತಾಡಿದವಳು ಹುಡುಗಿ.

ಸ್ಕೂಲಿನಲ್ಲಿ ಓದಿದ್ದು ತಮಿಳಲ್ಲವೇ, ಅರಳು ಹುರಿದ ಹಾಗೆ ಮಾತಾಡಿದಳು. ಶಾಸ್ತ್ರಕ್ಕೆ ಇಟ್ಟ ಬೆಲ್ಲ ಸಾರ್, ಆದರೆ ಬೆಲ್ಲ ನನಗೆ ಬೇಕೇ ಬೇಕು. ಹೂ ಬಿಡಿಸಲು ಹೋದ ದಿನ ಸಕ್ಕರೆ ಇಳಿದುಹೋಗುತ್ತದೆ, ಕೈ ನಡುಗಿ ಬೆವರು ಕಿತ್ತುಕೊಳ್ಳುತ್ತದೆ, ಆಗ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತೇನೆ, ಅದಕ್ಕೇ ಲಂಗದ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಈಗ ಒಂದು ತಿಂಗಳಿಂದ ಬೆಳಗ್ಗೆ ಹೊತ್ತು ತುಂಬಾ ಬಾಯಾರಿಕೆ, ರಾತ್ರಿಯ ಔಷಧಿ ಸಾಲುತ್ತಿಲ್ಲ ಅನ್ನಿಸುತ್ತದೆ, ಹೆಚ್ಚು ಮಾಡಬೇಕೋ ಏನೋ ನೀವು ಹೇಳಬೇಕು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ನಾನು ಇವಳ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲವಲ್ಲ ಎನ್ನಿಸಿತು. ಅಜ್ಜಿಗೆ ಆ ತಮಿಳು ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಯಾರೋ ಬೇರೆಯವರ ಮಗಳನ್ನು ನೋಡುವ ಹಾಗೆ ನೋಡುತ್ತಾ ನಿಂತಳು.

ಡಾಕ್ಟರು ಕುರ್ಚಿ ಎಳೆದು ಅವಳನ್ನು ಕೂರಿಸಿದರು. ಆಮೇಲೆ ಕೇಳಿದ್ದನ್ನೆಲ್ಲ ಅವಳನ್ನೇ ಕೇಳಿದರು. ರಾತ್ರಿಯ ಔಷಧಿ ಸ್ವಲ್ಪ ಏರಿಸಿದರು, ಹಾಸ್ಟೆಲ್ಲಿನ ಊಟದ ಹೊತ್ತು ಕೇಳಿದರು, ಪಾಳಿ ಬದಲಾದರೆ ಏನು ಮಾಡಬೇಕೆಂದು ಹೇಳಿದರು. ಹಾಗಲಕಾಯಿ ರಸ ಇಳಿದುಹೋದ ಹಾಗಿತ್ತು ಮುಖ. ಅಜ್ಜಿ ತಾಳಿಕೊಂಡು ತಾಳಿಕೊಂಡು ಕೊನೆಗೆ ಮುಂದೆ ಬಂದಳು.

"ಸಾಮಿ, ಇಷ್ಟ್ ದಿನ ನಾನ್ ಸಾಕಿವ್ನಿ. ಈಗ ನಿಮ್ಗೆ ಒಪ್ಪಿಸ್ತಾ ಇವ್ನಿ. ತಲೆ ಮ್ಯಾಲೆ ಕೈ ಇಟ್ಟು ನೋಡ್ಕೊತೀನಿ ಅನ್ನಿ."

ಅವರಿಗೆ ಅರ್ಥವಾಯಿತು. ಕೈ ಎತ್ತಲಿಲ್ಲ. ನನ್ನ ಕಡೆ ತಿರುಗಿ, ನಿಧಾನವಾಗಿ ತಮಿಳಿನಲ್ಲಿ ಹೇಳಿದರು, "ಈ ಅಜ್ಜಿಗೆ ಹೇಳಿ. ನಾನು ಇವಳನ್ನು ನೋಡುವುದು ಮೂರು ತಿಂಗಳಿಗೆ ಒಂದು ಸಲ, ಅದೂ ಸ್ವಲ್ಪ ಹೊತ್ತು. ನಾನು ಒಪ್ಪಿಕೊಂಡರೆ ಸುಳ್ಳು ಹೇಳಿದ ಹಾಗೆ. ಮಿಕ್ಕ ದಿನವೆಲ್ಲ ಇವಳನ್ನು ನೋಡಿಕೊಳ್ಳುವವರು ಯಾರೋ, ಅವರಿಗೆ ಒಪ್ಪಿಸಲಿ."

ಕನ್ನಡದಲ್ಲಿ ಹೇಳಿದೆ. ಅಜ್ಜಿ, "ಇನ್ಯಾರು, ನಾನೇ" ಎಂದಳು.

"ಹಾಸ್ಟೆಲ್ಗೂ ಬತ್ತೀಯಾ ಅಜ್ಜಿ?" ಎಂದಳು ಹುಡುಗಿ. ಕೊಂಕಿನಿಂದಲ್ಲ, ಮೆಲ್ಲಗೆ ಕೇಳಿದಳು. ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ದುಪಟ್ಟಾದ ಎರಡು ಮೂಲೆ ಹಿಡಿದು ಅಜ್ಜಿಯ ಮುಂದೆ ಮಡಿಲು ಒಡ್ಡಿ ನಿಂತಳು. "ನನ್ಗೇ ಒಪ್ಪಿಸು. ನನ್ನ ನೋಡ್ಕೊಳೋಳು ನಾನೇ."

ಅಜ್ಜಿ ಆ ಒಡ್ಡಿದ ದುಪಟ್ಟಾವನ್ನು ನೋಡಿದಳು. ಆಮೇಲೆ ತಟ್ಟೆಗೆ ಕೈ ಹಾಕಿ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡಳು. ಬೆರಳ ಸಂದಿಯಿಂದ ಅರ್ಧ ಅಕ್ಕಿ ಡಾಕ್ಟರ ಮೇಜಿನ ಮೇಲೆ ಚೆಲ್ಲಿತು. ಮತ್ತೆ ತುಂಬಿದಳು. ಕಾಯಿ ಇಟ್ಟಳು, ಎಲೆ ಅಡಿಕೆ ಇಟ್ಟಳು, ಕುಪ್ಪಸ ಇಟ್ಟಳು, ಬೆಲ್ಲದ ಅಚ್ಚನ್ನು ಡಾಕ್ಟರಿಗೆ ಕಾಣುವ ಹಾಗೇ ಎತ್ತಿ ಇಟ್ಟಳು.

"ನಮ್ ಕೂಸ್ನ ನಿನ್ ಮಡಿಲ್ಗೆ ಹಾಕಿವ್ನಿ ಕಣವ್ವ" ಎಂದಳು. "ಹುಸಾರಾಗಿ ಬೆಳೆಸಿವ್ನಿ. ತಪ್ಪೋ ಒಪ್ಪೋ, ಹೊಟ್ಟೆಗಾಕ್ಕೊಂಡು ನೋಡ್ಕೋ. ಹೊತ್ತೊತ್ತಿಗೆ ಉಣ್ಣಾಕಿಕ್ಕು. ಸೂಜಿ ತಪ್ಪಿಸ್ಬ್ಯಾಡ. ಅತ್ರೆ ಬೈಬ್ಯಾಡ."

"ನೋಡ್ಕೊತೀನಜ್ಜಿ" ಎಂದಳು ಹುಡುಗಿ.

ನಾನು ಅತ್ತೆ. ಮುಚ್ಚುಮರೆ ಏನು, ಸೆರಗು ಒದ್ದೆಯಾಗುವಷ್ಟು ಅತ್ತೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ದೊಡ್ಡ ಡಾಕ್ಟರು ಮೇಜಿನ ಮೇಲೆ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತಿದ್ದರು. ಆಗ ಬಾಗಿಲಲ್ಲಿ ಇಣುಕುತ್ತಿದ್ದ ಆ ಕೋಲಿನ ತಾತ, "ಆಯ್ತು ಬುಡಿ, ಗೊತ್ತಿರೋ ಸಂಬಂಧ, ಹೆಣ್ಣು ಸುಕ್ವಾಗಿರ್ತಾಳೆ" ಎಂದನಲ್ಲ, ಅಜ್ಜಿಯೂ ನಕ್ಕುಬಿಟ್ಟಳು.

ಮಧ್ಯಾಹ್ನದ ಊಟಕ್ಕೆ ಮೊದಲು, ಆ ಕಡೆಯ ನರ್ಸಿನ ಮೂಲೆಯಲ್ಲಿ, ಹುಡುಗಿ ತಾನೇ ಔಷಧಿ ಎಳೆದು ತಾನೇ ಚುಚ್ಚಿಕೊಂಡಳು. ಡಾಕ್ಟರು ಮಧ್ಯಾಹ್ನಕ್ಕೂ ಒಂದು ಸೂಜಿ ಸೇರಿಸಿ, ಆವತ್ತೇ ಶುರುಮಾಡು ಎಂದಿದ್ದರು. ಅಜ್ಜಿ ಕಣ್ಣು ಮುಚ್ಚಿಕೊಂಡು ನಿಂತವಳು ನಡುವೆ ಒಂದು ಕಣ್ಣು ತೆರೆದು, "ಓರೆ ಆಯ್ತು ಕಣೇ" ಎಂದಳು. ಓರೆಯೇನೂ ಆಗಿರಲಿಲ್ಲ.

ಅವಳು ಕಾರ್ಖಾನೆಗೆ ಸೇರಿದಳೆಂದು ಕೇಳಿದೆ. ಮೂರು ತಿಂಗಳು ತುಂಬುವ ವಾರವಿಡೀ ನನ್ನ ಕಣ್ಣು ಅಂಗಳದ ಮೇಲೆಯೇ. ಬರುತ್ತಾಳಾ, ಇಲ್ಲವಾ? ಒಂದು ಬೆಳಗ್ಗೆ ಒಂದು ಮಗುವಿನ ತೂಕ ನೋಡುತ್ತಿದ್ದೆ, ಕಿಟಕಿಯಲ್ಲಿ ಕಂಡಳು. ಒಬ್ಬಳೇ. ಕಾರ್ಖಾನೆಯ ನೀಲಿ ಅಂಗಿ, ಕೊರಳಲ್ಲಿ ಗುರುತಿನ ಪಟ್ಟಿ, ಕೆನ್ನೆ ತುಂಬಿಕೊಂಡಿತ್ತು. ನಮ್ಮ ಬಾಗಿಲ ಮುಂದೆಯೇ ಹಾದು ಆ ಕಡೆಗೆ ಹೋಗುತ್ತಿದ್ದಳು. ಮಗುವನ್ನು ಎತ್ತಿಕೊಂಡೇ ಓಡಿದೆ.

"ಏನೇ ಇವಳೇ, ನಮ್ಮನ್ನ ಮಾತಾಡಿಸೋದೂ ಇಲ್ವಾ?"

"ಟೋಕನ್ ಹೋಗ್ಬುಡ್ತದೆ ಸಿಸ್ಟರ್, ಆಮೇಲ್ ಬತ್ತೀನಿ!" ಎಂದು ನಡೆಯುತ್ತಲೇ ಕೈ ಬೀಸಿದಳು.

ಆಮೇಲೆ ಬರಲಿಲ್ಲ. ಟೀ ತರಿಸಿ ಇಟ್ಟಿದ್ದೆ, ಆರಿಹೋಯಿತು. ಸಂಜೆ ನಾನೇ ಹೋಗಿ ಆ ಕಡೆಯ ನರ್ಸನ್ನು ಕೇಳಿದೆ. ಬಂದಿದ್ದಳು, ಡಾಕ್ಟರ ಹತ್ತಿರ ಅವಳೇ ಎಲ್ಲ ಹೇಳಿದಳು, ಸಕ್ಕರೆ ಚೆನ್ನಾಗಿದೆ, ಎರಡನೇ ಪಾಳಿಯ ಬಸ್ ತಪ್ಪುತ್ತದೆಂದು ಓಡಿಹೋದಳು ಎಂದಳು. ನನ್ನನ್ನು ಏನಾದರೂ ಕೇಳಿದಳಾ ಎಂದೆ. ಇಲ್ಲವಲ್ಲ ಎಂದಳು. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲಿಳಿಯುವ ಹೊತ್ತಿಗೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ, ಹೊಟ್ಟೆ ತುಂಬಾ ಉಂಡವಳ ಹಾಗೆ ನಿಧಾನವಾಗಿ ಮನೆಗೆ ನಡೆದೆ. ಗಂಡ ಬಾಗಿಲು ತೆಗೆದು, ಏನು ಮುಖ ಹಿಂಗೆ ಅರಳಿದೆ ಎಂದು ಕೇಳಿದ.

"ಅವಳು ಇವತ್ತು ನನ್ನ ಮರೆತು ಹೋದಳು ಕಣ್ರೀ" ಎಂದೆ.